ಎಂಎಕ್ಸ್-5 ಕಾರಿನ ಹಿಂದಿನ ಆಕ್ಸಲ್, ಸಬ್‌ಫ್ರೇಮ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಇಂಗ್ಲೆಂಡ್‌ನ ಮಿಡ್‌ಲ್ಯಾಂಡ್ಸ್ ಕಡೆ. ನನ್ನ ಹತ್ತಿರ 1991ರ ಮಜ್ದಾ ಎಂಎಕ್ಸ್-5 ಇದೆ, ಎರಡು ಸೀಟಿನ ಸ್ಪೋರ್ಟ್ಸ್ ಕಾರು, 1.6 ಲೀಟರ್ ಇಂಜಿನ್‌ದು. ಅದರ ಹಿಂದಿನ ಸಬ್‌ಫ್ರೇಮ್ ತುಕ್ಕು ತಿಂದು ಹೋಗಿತ್ತು, ಹಾಗಾಗಿ 1.8 ಕಾರೊಂದರ ಹಿಂಭಾಗವನ್ನು ಇಡಿಯಾಗಿ ತಂದು ಮನೆ ಮುಂದೆಯೇ ಕೂರಿಸಿದೆ. ಅವತ್ತಿಂದ ಗೆಳೆಯರು, ಗೆಳೆಯರ ಗೆಳೆಯರು ಎಲ್ಲ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ನನಗೂ ಗಂಟಲು ಉಳಿಯುತ್ತದೆ.

ಆಕ್ಸಲ್ ಅಂತೀರಿ, ಸಬ್‌ಫ್ರೇಮ್ ಅಂತೀರಿ. ಎರಡೂ ಒಂದೇನಾ?

ಅಲ್ಲ. ಅಂಬಾಸಿಡರ್ ನೋಡಿದವರಿಗೆ ಹಿಂದಿನ ಆಕ್ಸಲ್ ಅಂದರೆ ಒಂದು ಉದ್ದನೆಯ ಕಬ್ಬಿಣದ ಹೌಸಿಂಗ್, ಮಧ್ಯದಲ್ಲಿ ಗುಂಡಗೆ ಉಬ್ಬಿದ ಡಿಫರೆನ್ಷಿಯಲ್ (ಇಂಜಿನ್‌ನ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರ್‌ಗಳ ಪೆಟ್ಟಿಗೆ), ಎರಡೂ ತುದಿಯಲ್ಲಿ ಚಕ್ರ, ಮೇಲೆ ಪಟ್ಟಿ ಸ್ಪ್ರಿಂಗ್. ಒಂದು ಚಕ್ರ ಹಳ್ಳಕ್ಕೆ ಇಳಿದರೆ ಇನ್ನೊಂದೂ ವಾಲುತ್ತದೆ. ಎಂಎಕ್ಸ್-5ರಲ್ಲಿ ಹಾಗಿಲ್ಲ. ಸಬ್‌ಫ್ರೇಮ್ ಅನ್ನುವ ಚೌಕಟ್ಟು ನೇರವಾಗಿ ಬಾಡಿಗೆ ಬೋಲ್ಟ್ ಆಗಿರುತ್ತದೆ, ಡಿಫರೆನ್ಷಿಯಲ್ ಅದರ ಮೇಲೆ ರಬ್ಬರ್ ಬುಷ್‌ಗಳಲ್ಲಿ ಕೂತಿರುತ್ತದೆ. ಅಲ್ಲಿಂದ ಎರಡೂ ಕಡೆಗೆ ಹಾಫ್‌ಶಾಫ್ಟ್ ಹೋಗುತ್ತದೆ, ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್. ಇದೆಲ್ಲ ಸೇರಿದರೆ ಒಂದು ಸೆಟ್. ಜನ ಬಾಯಲ್ಲಿ 'ಆಕ್ಸಲ್' ಅನ್ನುವುದು ಈ ಇಡೀ ಸೆಟ್ಟಿಗೆ. ಇಲ್ಲಿ ನಾನು ಡಿಫರೆನ್ಷಿಯಲ್‌ಗೆ ಡಿಫ್ ಅಂತ ಬರೆಯುತ್ತೇನೆ, ಪ್ರತಿ ಸಲ ಪೂರ್ತಿ ಬರೆಯಲು ಬೇಜಾರು.

ಯಾವ ಕಾರಿನದು ಯಾವುದಕ್ಕೆ ಕೂರುತ್ತದೆ?

ಎಂಎಕ್ಸ್-5 ಮೊದಲು ಕಾಣಿಸಿಕೊಂಡದ್ದು 1989ರ ಶಿಕಾಗೋ ಮೋಟಾರ್ ಶೋನಲ್ಲಿ. ಆ ಮೊದಲ ತಲೆಮಾರಿನ ಕಾರಿಗೆ ಎನ್‌ಎ ಅನ್ನುತ್ತಾರೆ. ಶುರುವಿನಲ್ಲಿ 1.6 ಇಂಜಿನ್ ಮಾತ್ರ ಇತ್ತು, 1994ರ ಮಾಡೆಲ್‌ನಿಂದ 1.8 ಬಂತು. 1998ರಿಂದ 2005ರವರೆಗೆ ಎನ್‌ಬಿ, ಅಂದರೆ ಹೆಡ್‌ಲೈಟ್ ಮೇಲೇಳದ ಮಾಡೆಲ್. ಈ ಎರಡು ತಲೆಮಾರಿಗೂ ಬಾಡಿಯ ಕೆಳಗೆ ಸಬ್‌ಫ್ರೇಮ್ ಹಿಡಿಯುವ ಜಾಗ ಒಂದೇ. ಎನ್‌ಬಿಯದನ್ನು ಎನ್‌ಎಗೆ ಕೂರಿಸಬಹುದು, ಕೊರೆಯುವುದು ಕತ್ತರಿಸುವುದು ಏನೂ ಬೇಕಿಲ್ಲ. ಚಕ್ರದ ನಾಲ್ಕು ತೂತಿನ ಅಳತೆಯೂ ಎರಡಕ್ಕೂ ಒಂದೇ, 4×100.

2005ರಲ್ಲಿ ಬಂದ ಎನ್‌ಸಿ ವಿಷಯಕ್ಕೆ ಹೋಗಲೇಬೇಡಿ. ಅದು ಮಜ್ದಾದ್ದೇ ಆರ್‌ಎಕ್ಸ್-8 ಕಾರಿನ ಕಡೆಯ ನೆಂಟ, ಐದು ತೂತಿನ ಚಕ್ರ, ಎಲ್ಲವೂ ಬೇರೆ.

ನನಗೆ ಬೇಕಿರುವುದು ಗಟ್ಟಿ ಡಿಫ್. ಸಬ್‌ಫ್ರೇಮ್ ಪೂರ್ತಿ ಬಿಚ್ಚಲೇಬೇಕಾ?

ಬೇಡ. ಎಲ್ಲರೂ ಇಲ್ಲೇ ಎಡವುವುದು. ನಿಮ್ಮ ಸಬ್‌ಫ್ರೇಮ್ ಗಟ್ಟಿ ಇದ್ದರೆ ಅದನ್ನು ಮುಟ್ಟಬೇಡಿ, ಡಿಫ್ ಮಾತ್ರ ಬದಲಿಸಿ. ತುಕ್ಕು ಹಿಡಿದಿದ್ದರೆ ಮಾತ್ರ ಪೂರ್ತಿ ಸೆಟ್ ತನ್ನಿ. 'ಹೇಗಿದ್ದರೂ ಬಿಚ್ಚುತ್ತೀನಲ್ಲ, ಅದನ್ನೂ ಬದಲಿಸಿಬಿಡೋಣ' ಅಂತ ಹೊರಟವರ ಕಾರು ತಿಂಗಳುಗಟ್ಟಲೆ ಸ್ಟ್ಯಾಂಡ್ ಮೇಲೆ ನಿಂತದ್ದನ್ನು ನೋಡಿದ್ದೇನೆ.

ಡಿಫ್ ವಿಷಯ ಹೀಗಿದೆ. ಹಳೇ 1.6ರ ಡಿಫ್ ಒಳಗಿನ ಕ್ರೌನ್ ವೀಲ್, ಅಂದರೆ ದೊಡ್ಡ ಹಲ್ಲಿನ ಚಕ್ರ, 6 ಇಂಚಿನದು, 1.8ರದ್ದು 7 ಇಂಚಿನದು. ಕಂಪನಿ ಕೊಟ್ಟ ಇಂಜಿನ್‌ಗೆ 6 ಇಂಚು ಸಾಕು, ವರ್ಷಗಟ್ಟಲೆ ಓಡುತ್ತದೆ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಕೂರಿಸಿ ಕ್ಲಚ್ ಫಟ್ ಅಂತ ಬಿಟ್ಟಾಗಲೇ ಹಲ್ಲು ಹಾರುವುದು. 1.8ರ ಡಿಫ್ ಅನ್ನು 1.6ಕ್ಕೆ ಹಾಕಲು ಮೂರು ಸಾಮಾನು ಒಟ್ಟಿಗೆ ಬೇಕು: ಡಿಫ್, ಎರಡೂ ಹಾಫ್‌ಶಾಫ್ಟ್, ಗೇರ್‌ಬಾಕ್ಸ್‌ನಿಂದ ಡಿಫ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್. ಹಾಫ್‌ಶಾಫ್ಟ್‌ನ ಡಿಫ್ ಕಡೆಯ ಹಲ್ಲು ಬೇರೆ, ಪ್ರೊಪೆಲ್ಲರ್ ಶಾಫ್ಟ್‌ನ ಫ್ಲ್ಯಾಂಜ್ (ಡಿಫ್‌ಗೆ ಬೋಲ್ಟ್ ಆಗುವ ತಟ್ಟೆ) ತೂತುಗಳೂ ಬೇರೆ. ಆದರೆ ಹಾಫ್‌ಶಾಫ್ಟ್‌ನ ಚಕ್ರದ ಕಡೆಯ ಹಲ್ಲು ಒಂದೇ, ಆದ್ದರಿಂದ ಚಕ್ರ ಕೂರುವ ನಿಮ್ಮ ಹಬ್‌ಗಳು ಹಾಗೇ ಉಳಿಯುತ್ತವೆ. ಗೇರ್‌ಬಾಕ್ಸ್‌ನಿಂದ ಡಿಫ್‌ವರೆಗಿನ ಅಲ್ಯೂಮಿನಿಯಂ ತೊಲೆಯೂ ಉಳಿಯುತ್ತದೆ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಎಬಿಎಸ್ ಇರುವ ಕಾರಾದರೆ ಚಕ್ರದ ವೇಗ ಅಳೆಯಲು ಹಾಫ್‌ಶಾಫ್ಟ್ ಮೇಲೆ ಇರಬೇಕಾದ ಹಲ್ಲಿನ ಬಳೆ ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಿ.

ಹಳೇ ಸಾಮಾನು ಕೊಳ್ಳುವಾಗ ಏನು ನೋಡಬೇಕು?

ನನ್ನ ಕಥೆಯನ್ನೇ ಹೇಳುತ್ತೇನೆ. '1.8 ಕಾರಿನ ಪೂರ್ತಿ ಹಿಂಭಾಗ' ಅಂತ ಒಬ್ಬರು ಮಾರಿದರು. ಎರಡು ಗಂಟೆ ವ್ಯಾನ್ ಓಡಿಸಿ ತಂದೆ. ಮನೆಗೆ ಬಂದು, ಸುಮ್ನೆ ಕುತೂಹಲಕ್ಕೆ, ಮೂಲೆಯಲ್ಲಿ ಬಿದ್ದಿದ್ದ 1.6ರ ಹಳೇ ಪ್ರೊಪೆಲ್ಲರ್ ಶಾಫ್ಟ್ ತಂದು ಅದರ ಫ್ಲ್ಯಾಂಜ್ ಅನ್ನು ಡಿಫ್‌ನ ಮೂತಿಗೆ ಹಿಡಿದೆ. ನಾಲ್ಕೂ ತೂತು ಲಕ್ಷಣವಾಗಿ ಸೇರಿದವು. ಬೋಲ್ಟ್ ಹಾಕಿದರೆ ಬೆರಳಲ್ಲೇ ಒಳಗೆ ಹೋಯಿತು. ಬೇರೆ ದಿನವಾಗಿದ್ದರೆ ಖುಷಿಪಡಬೇಕಾದ ದೃಶ್ಯ. ಅವತ್ತು ಮಾತ್ರ ಹೊಟ್ಟೆ ಉರಿಯಿತು, ಯಾಕೆಂದರೆ ಅದು ಸೇರಬಾರದಿತ್ತು. ಯಾರೋ ಯಾವಾಗಲೋ 1.8ರ ಸಬ್‌ಫ್ರೇಮ್‌ಗೆ ಸಣ್ಣ ಡಿಫ್ ಸಿಕ್ಕಿಸಿದ್ದರು. ಕೊನೆಗೆ ಡಿಫ್, ಶಾಫ್ಟ್‌ಗಳನ್ನು ಬೇರೆ ಕಡೆಯಿಂದ ತರಬೇಕಾಯಿತು.

ಅದಕ್ಕೇ ಹೇಳುವುದು, ಕೊಳ್ಳಲು ಹೋಗುವಾಗ ನಿಮ್ಮ ಫ್ಲ್ಯಾಂಜ್‌ನ ತೂತುಗಳನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿಕೊಂಡು ಹೋಗಿ. ಬಾಯಿಮಾತನ್ನೂ ನಂಬಬೇಡಿ, ಹಿಂದೆ ಅಂಟಿಸಿದ ಬ್ಯಾಡ್ಜನ್ನೂ ನಂಬಬೇಡಿ. ಪ್ರೊಪೆಲ್ಲರ್ ಶಾಫ್ಟ್ ಜೊತೆಗೇ ಕೊಡಿ ಅಂತ ಕೇಳಿ. ಗುಜರಿಯವರು ಅದನ್ನು ಕೊಡಲು ಮರೆಯುತ್ತಾರೆ, ಆಮೇಲೆ ಅದೊಂದನ್ನೇ ಹುಡುಕುವುದು ಕಷ್ಟ. ಸಬ್‌ಫ್ರೇಮ್ ಅನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ, ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಪದರ ಎದ್ದಿದೆ. ಕೆಳಗಿನ ಆರ್ಮ್ ಹಿಡಿಯುವ ಕಿವಿಗಳನ್ನು, ಬಾಡಿಗೆ ಕೂರುವ ಜಾಗಗಳನ್ನು ಜಾಸ್ತಿ ನೋಡಿ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಜೋರಾಗಿ ತಟ್ಟಿ.

ಎಲ್‌ಎಸ್‌ಡಿ ಇದೆ ಅಂತಾರೆ. ಪರೀಕ್ಷೆ ಮಾಡುವುದು ಹೇಗೆ?

ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫ್, ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವಂಥದ್ದು. ಎರಡೂ ಹಿಂದಿನ ಚಕ್ರ ಎತ್ತಿ, ನ್ಯೂಟ್ರಲ್‌ನಲ್ಲಿಡಿ, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಸಾದಾ ಡಿಫ್. ಅದೇ ದಿಕ್ಕಿಗೆ ಬಂದರೆ ಎಲ್‌ಎಸ್‌ಡಿ ಇರಬಹುದು. 1.6ರಲ್ಲಿ ಬರುತ್ತಿದ್ದುದು ವಿಸ್ಕಸ್, ಅಂದರೆ ಒಳಗಿನ ದಪ್ಪ ದ್ರವದ ಬಲದಿಂದ ಕೆಲಸ ಮಾಡುವಂಥದ್ದು. 30 ವರ್ಷ ದಾಟಿದ ವಿಸ್ಕಸ್ ಬಹುಮಟ್ಟಿಗೆ ಸತ್ತೇ ಹೋಗಿರುತ್ತದೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. 1.8ರಲ್ಲಿ ಟಾರ್ಸನ್ ಬಂತು. ಇದು ಪೂರ್ತಿ ಗೇರ್‌ಗಳದ್ದು, ಸುಲಭಕ್ಕೆ ಸವೆಯುವುದಿಲ್ಲ. ಎಲ್ಲರೂ ಹುಡುಕುವುದು ಇದನ್ನೇ. ಎಲ್ಲ 1.8ಕ್ಕೂ ಟಾರ್ಸನ್ ಇರುವುದಿಲ್ಲ, ಸಾದಾ ಡಿಫ್ ಇರುವ 1.8 ಬೇಕಾದಷ್ಟಿವೆ.

ಟಾರ್ಸನ್‌ಗೆ ಒಂದು ದೌರ್ಬಲ್ಯ ಇದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಅದು ಸಾದಾ ಡಿಫ್ ಥರವೇ ನಡೆದುಕೊಳ್ಳುತ್ತದೆ. ರಸ್ತೆಯಲ್ಲಿ ಓಡಿಸುವವರಿಗೆ ಇದು ಲೆಕ್ಕಕ್ಕಿಲ್ಲ.

4.30, 4.10, 3.9 ಅಂತೆಲ್ಲ ಹೇಳ್ತಾರಲ್ಲ, ಯಾವುದು ತಗೊಳ್ಳಲಿ?

ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಅನ್ನುವ ಲೆಕ್ಕ ಅದು. ಹಳೇ 1.6ರಲ್ಲಿ 4.30, ಎನ್‌ಎ 1.8ರಲ್ಲಿ 4.10, ಆರು ಗೇರಿನ ಎನ್‌ಬಿಯಲ್ಲಿ 3.909. ಸಂಖ್ಯೆ ದೊಡ್ಡದಾದಷ್ಟೂ ಕಾರು ಚುರುಕಾಗಿ ಎದ್ದೇಳುತ್ತದೆ, ಹೈವೇಯಲ್ಲಿ ಮಾತ್ರ ಇಂಜಿನ್ ಕೂಗುತ್ತಿರುತ್ತದೆ. 1.6ರ ಐದನೇ ಗೇರ್ 0.814. ಕಾರಿನ ಜೊತೆ ಬಂದ 14 ಇಂಚಿನ ಚಕ್ರದಲ್ಲಿ, ಮೋಟರ್‌ವೇ ಮೇಲೆ ಗಂಟೆಗೆ 70 ಮೈಲಿಗೆ 4.30ರಲ್ಲಿ ಇಂಜಿನ್ ಸುಮಾರು 3,700 ಸುತ್ತು ತಿರುಗುತ್ತದೆ, 4.10ರಲ್ಲಿ ಸುಮಾರು 3,500. ಕಿವಿಗೆ ಈ 200 ಸುತ್ತು ಗೊತ್ತಾಗುತ್ತದೆ.

ಆರು ಗೇರ್ ಇದ್ದರೆ ಹೈವೇಯಲ್ಲಿ ಶಾಂತ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆ ಗೇರ್‌ಬಾಕ್ಸ್‌ನ ಆರನೇ ಗೇರ್ 0.843, ಅಂದರೆ ಐದು ಗೇರಿನದರ ಕೊನೆಯ ಗೇರಿಗಿಂತ ಉದ್ದವೇನಲ್ಲ. ಅದನ್ನು ಸರಿದೂಗಿಸಲೆಂದೇ ಹಿಂದೆ 3.909 ಇದೆ. ಅದೇ 3.909 ಅನ್ನು 1.6 ಇಂಜಿನ್, ಐದು ಗೇರಿನ ಜೊತೆ ಹಾಕಿದರೆ ಹೈವೇಗೆ ಚೆಂದ, ಏರಿನಲ್ಲಿ ಮಾತ್ರ ಗೇರ್ ಇಳಿಸುತ್ತಲೇ ಇರಬೇಕು. ನಾನಾದರೆ 1.6ಕ್ಕೆ 4.10 ಹಾಕುತ್ತೇನೆ. ಹಾಕಿದ್ದೂ ಅದನ್ನೇ.

ಸ್ಪೀಡೋಮೀಟರ್ ತಪ್ಪು ತೋರಿಸುತ್ತದಾ?

ಹೌದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎನ್‌ಎಯಲ್ಲಿ ಸ್ಪೀಡೋ ಕೇಬಲ್ ಬರುವುದು ಗೇರ್‌ಬಾಕ್ಸ್‌ನಿಂದ. 4.30 ತೆಗೆದು 4.10 ಹಾಕಿದರೆ ಅದೇ ವೇಗಕ್ಕೆ ಗೇರ್‌ಬಾಕ್ಸ್‌ನ ಬಾಲ ಸುಮಾರು ನೂರಕ್ಕೆ ಐದರಷ್ಟು ಕಡಿಮೆ ತಿರುಗುತ್ತದೆ. ಮುಳ್ಳಿಗೆ ಅಷ್ಟೂ ಕಡಿಮೆ ಸುತ್ತು ಸಿಗುತ್ತದೆ. ಮುಂಚೆ ನಿಮ್ಮ ಮುಳ್ಳು ಕರಾರುವಾಕ್ಕಾಗಿ ಇದ್ದಿದ್ದರೆ, ಈಗ ಅದು 70 ತೋರಿಸುವಾಗ ನೀವು 73ರಲ್ಲಿ ಇರುತ್ತೀರಿ. ಇಲ್ಲಿಯ ಕಾನೂನು ಪ್ರಕಾರ ಸ್ಪೀಡೋ ಜಾಸ್ತಿ ತೋರಿಸಿದರೂ ನಡೆದೀತು, ಕಡಿಮೆ ತೋರಿಸುವಂತಿಲ್ಲ. ಗೇರ್‌ಬಾಕ್ಸ್‌ಗೆ ಹೋಗುವ ಸಣ್ಣ ಪ್ಲಾಸ್ಟಿಕ್ ಸ್ಪೀಡೋ ಗೇರ್ ಬದಲಿಸಿದರೆ ಸರಿಹೋಗುತ್ತದೆ. ಅದನ್ನು ಹಾಕುವವರೆಗೆ ಫೋನಿನ ಜಿಪಿಎಸ್ ನೋಡಿಕೊಂಡು ಓಡಿಸಿ.

ಕಳಚುವಾಗ ಯಾವುದು ಮೊದಲು, ಯಾವುದು ಆಮೇಲೆ?

ಸೈಲೆನ್ಸರ್ ಮೊದಲು. ಆಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್, ಶಾಕ್ ಅಬ್ಸಾರ್ಬರ್. ಕೊನೆಗೆ ಸಬ್‌ಫ್ರೇಮ್. ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ಹೇಳಬೇಕಾದದ್ದು ಆ ಅಲ್ಯೂಮಿನಿಯಂ ತೊಲೆಯ ವಿಷಯ.

ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸ್‌ನ ಬಾಲವನ್ನು ಬಾಡಿಗೆ ಹಿಡಿದಿಡುವ ಅಡ್ಡಪಟ್ಟಿಯೇ ಇಲ್ಲ. ಗೇರ್‌ಬಾಕ್ಸ್‌ನಿಂದ ಡಿಫ್‌ವರೆಗೆ ಒಂದು ಉದ್ದನೆಯ ಅಲ್ಯೂಮಿನಿಯಂ ತೊಲೆ ಇದೆ, ಪವರ್ ಪ್ಲಾಂಟ್ ಫ್ರೇಮ್ ಅಂತ ಹೆಸರು, ಎಲ್ಲರೂ ಪಿಪಿಎಫ್ ಅನ್ನುತ್ತಾರೆ. ಡಿಫ್‌ನ ಮೂತಿಯನ್ನೂ ಗೇರ್‌ಬಾಕ್ಸ್‌ನ ಬಾಲವನ್ನೂ ಅದೇ ಹಿಡಿದಿರುವುದು. ಗೇರ್ ಲಿವರ್ ಆಡಿಸಿದಾಗ ಅಷ್ಟು ಬಿಗಿಯಾಗಿ ಅನಿಸುತ್ತದಲ್ವಾ, ಅದಕ್ಕೆ ಒಂದು ಕಾರಣ ಇದು. ಆ ತೊಲೆ ಬಿಚ್ಚಿದ ಕೂಡಲೇ ಗೇರ್‌ಬಾಕ್ಸ್ ಕೆಳಗೆ ಜೋಲುತ್ತದೆ, ಇಂಜಿನ್ ಹಿಂದಕ್ಕೆ ವಾಲುತ್ತದೆ. ಆದ್ದರಿಂದ ಅದರ ಬೋಲ್ಟ್ ಮುಟ್ಟುವ ಮೊದಲು ಗೇರ್‌ಬಾಕ್ಸ್ ಕೆಳಗೆ ಒಂದು ಜ್ಯಾಕ್ ಕೊಡಿ, ನಡುವೆ ಮರದ ತುಂಡಿಡಿ. ತೊಲೆಗೆ ವೈರು ಸಿಕ್ಕಿಸಿರುವ ಕ್ಲಿಪ್‌ಗಳಿವೆ. ಎಳೆದಾಡಬೇಡಿ, ಒಂದೊಂದಾಗಿ ಬಿಡಿಸಿ.

ವಾಪಸ್ ಹಾಕುವಾಗ ಗೇರ್‌ಬಾಕ್ಸ್ ಬಾಲ ಎಷ್ಟು ಎತ್ತರದಲ್ಲಿರಬೇಕು ಅಂತ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಅಳತೆ ಕೊಟ್ಟಿದೆ. ಅದನ್ನು ಅಳೆದೇ ಬೋಲ್ಟ್ ಬಿಗಿ ಮಾಡಿ. ಅಂದಾಜಿನಲ್ಲಿ ಬಿಗಿದರೆ ಒಂದು ವೇಗದಲ್ಲಿ ಕಾರು ಗುಂಯ್ ಅಂತ ನಡುಗಲು ಶುರು ಮಾಡುತ್ತದೆ, ಆಗ ನೀವು ಟೈರು, ಬೇರಿಂಗು, ಎಲ್ಲದರ ಮೇಲೂ ಅನುಮಾನ ಪಡುತ್ತೀರಿ.

ಪ್ರೊಪೆಲ್ಲರ್ ಶಾಫ್ಟ್ ಎಳೆದಾಗ ಗೇರ್‌ಬಾಕ್ಸ್‌ನಿಂದ ಆಯಿಲ್ ಸೋರುತ್ತದೆ. ಕಾರಿನ ಹಿಂಭಾಗ ಮಾತ್ರ ಎತ್ತಿದ್ದರೆ ಆಯಿಲ್ ಮುಂದಕ್ಕೆ ಸರಿದು ಸೋರುವುದು ಕಡಿಮೆಯಾಗುತ್ತದೆ. ಆದರೂ ಬಾಲಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿಬಿಡಿ.

ಜ್ಯಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾವತ್ತೂ ನುಗ್ಗಬೇಡಿ, ಸ್ಟ್ಯಾಂಡ್ ಹಾಕಿ. ಸಬ್‌ಫ್ರೇಮ್ ಇಳಿಸುವಾಗ ಇನ್ನೊಬ್ಬರು ಜೊತೆಗಿರಲಿ, ಅದು ಒಂದು ಕಡೆ ಬಿಟ್ಟುಕೊಂಡರೆ ಇನ್ನೊಂದು ಕಡೆ ವಾಲುತ್ತದೆ.

ಕೆಳಗಿನ ಆರ್ಮ್ ಬೋಲ್ಟ್ ಅಲ್ಲಾಡ್ತಾನೇ ಇಲ್ಲ. ಏನು ಮಾಡಲಿ?

ಸ್ವಾಗತ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

ಹಿಂದಿನ ಕೆಳ ಆರ್ಮ್‌ಗಳನ್ನು ಸಬ್‌ಫ್ರೇಮ್‌ಗೆ ಹಿಡಿದಿರುವ ಬೋಲ್ಟ್‌ಗಳಿಗೆ ತಲೆಯ ಹತ್ತಿರ ಒಂದು ವಾರೆ ಬಿಲ್ಲೆ ಇದೆ, ಅದನ್ನು ತಿರುಗಿಸಿ ಕ್ಯಾಂಬರ್ (ಚಕ್ರ ಎಷ್ಟು ವಾಲಿದೆ ಅನ್ನುವುದು), ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ಅನ್ನುವುದು) ಸರಿಮಾಡುವುದು. ಬೋಲ್ಟ್ ಹಾದು ಹೋಗುವುದು ಬುಷ್‌ನ ಒಳಗಿನ ಕಬ್ಬಿಣದ ಕೊಳವೆಯಲ್ಲಿ. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪುನೀರು ಕೊಳವೆಗೂ ಬೋಲ್ಟ್‌ಗೂ ನಡುವೆ ಸೇರಿ ಎರಡೂ ಒಂದೇ ಲೋಹ ಆಗಿಬಿಡುತ್ತವೆ. ನಟ್ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಬೋಲ್ಟ್ ತಿರುಗಿಸಿದರೆ ಅದೂ ತಿರುಗಿದ ಹಾಗೆ ಕಾಣುತ್ತದೆ. ಕೈ ಬಿಟ್ಟರೆ ಮೆಲ್ಲಗೆ ವಾಪಸ್ ಬರುತ್ತದೆ. ಆಗ ತಿಳಿಯಿರಿ, ತಿರುಗುತ್ತಿರುವುದು ಬೋಲ್ಟ್ ಅಲ್ಲ, ಬುಷ್‌ನ ರಬ್ಬರ್ ತಿರುಚಿಕೊಳ್ಳುತ್ತಿದೆ ಅಷ್ಟೇ.

ನಾನು ವಾರ ಪೂರ್ತಿ ದಿನಾ ಸಂಜೆ ಕೆಲಸದಿಂದ ಬಂದು ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ಬೆಂಕಿ ಹಿಡಿದೆ, ರಬ್ಬರ್ ಸುಟ್ಟ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ದೊಡ್ಡ ಸುತ್ತಿಗೆಯಿಂದ ಹೊಡೆದು ಬೋಲ್ಟ್‌ನ ಥ್ರೆಡ್ ಹಾಳುಮಾಡಿದೆ. ನಾಲ್ಕರಲ್ಲಿ ಒಂದು ಮಾತ್ರ ಬಂತು. ಉಳಿದ ಮೂರನ್ನು ಕೊನೆಗೆ ಕುಯ್ಯಬೇಕಾಯಿತು. ಬುಷ್‌ಗೂ ಸಬ್‌ಫ್ರೇಮ್‌ನ ಕಿವಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಅಲ್ಲಿ ರೆಸಿಪ್ರೊಕೇಟಿಂಗ್ ಗರಗಸದ ಲೋಹ ಕುಯ್ಯುವ ಬ್ಲೇಡ್ ತೂರಿಸಿ, ಕಿವಿಗೆ ತಾಗದಂತೆ ಎರಡೂ ಕಡೆ ಕುಯ್ದರೆ ಆರ್ಮ್ ಕೆಳಗೆ ಬೀಳುತ್ತದೆ. ಒಂದು ಬೋಲ್ಟ್‌ಗೆ ಎರಡು ಬ್ಲೇಡ್ ಹೋಯಿತು. ಬುಷ್ ಹೋದ ಹಾಗೆಯೇ, ಹೊಸ ಬುಷ್, ಹೊಸ ಬೋಲ್ಟ್, ಹೊಸ ಬಿಲ್ಲೆ ಮೊದಲೇ ತರಿಸಿಟ್ಟುಕೊಳ್ಳಿ.

ಇದರಲ್ಲಿ ಒಂದು ತಮಾಷೆ ಇದೆ. ಸಬ್‌ಫ್ರೇಮ್ ಪೂರ್ತಿ ಇಳಿಸುವವರು ತಮ್ಮ ಕಾರಿನ ಈ ಬೋಲ್ಟ್‌ಗಳನ್ನು ಬಿಚ್ಚಲೇಬೇಕಿಲ್ಲ, ಹಾಗೇ ಇಳಿಸಿ ಗುಜರಿಗೆ ಕೊಡಬಹುದು. ಆದರೆ ತಂದ ಸೆಟ್ಟಿನ ಬೋಲ್ಟ್‌ಗಳು ಬಿಚ್ಚಿಕೊಳ್ಳಲೇಬೇಕು, ಇಲ್ಲದಿದ್ದರೆ ಅಲೈನ್‌ಮೆಂಟ್ ಮಾಡಲು ಆಗುವುದಿಲ್ಲ. ಅದನ್ನು ಕಾರಿಗೆ ಹಾಕುವ ಮೊದಲೇ, ನೆಲದ ಮೇಲಿರುವಾಗಲೇ ಮಾಡಿ. ಬೆನ್ನ ಮೇಲೆ ಮಲಗಿ ಕಣ್ಣಿಗೆ ತುಕ್ಕು ಬೀಳಿಸಿಕೊಳ್ಳುವುದಕ್ಕಿಂತ ನಿಂತುಕೊಂಡು ಬೈಯುವುದು ವಾಸಿ. ಹೊಸ ಬೋಲ್ಟ್‌ಗೆ ಕಾಪರ್ ಗ್ರೀಸ್ ಧಾರಾಳವಾಗಿ ಬಳಿಯಿರಿ.

1.8ರ ಬ್ರೇಕ್ ಕೂಡ ಬಂದಿದೆ. ಹಾಗೇ ಹಾಕಲಾ?

ಸ್ವಲ್ಪ ಯೋಚಿಸಿ. 1.6ರಲ್ಲಿ ಡಿಸ್ಕ್ ಮುಂದೆ 235 ಮಿ.ಮೀ., ಹಿಂದೆ 231. 1.8ರಲ್ಲಿ ಮುಂದೆ 255, ಹಿಂದೆ 251. ಹಿಂದೆ ಮಾತ್ರ 251 ಹಾಕಿ ಮುಂದೆ 235 ಉಳಿಸಿಕೊಂಡರೆ ಬ್ರೇಕಿನ ಬಲ ಹಿಂದಕ್ಕೆ ಸರಿಯುತ್ತದೆ. ಮಳೆಯಲ್ಲಿ ತಿರುವಿಗೆ ಮುಂಚೆ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಬುಗುರಿ ಥರ ತಿರುಗುತ್ತದೆ. ಮುಂದೆಯೂ 255ಕ್ಕೆ ಬದಲಿಸಿ, ಇಲ್ಲವೇ ಹಿಂದಕ್ಕೆ ನಿಮ್ಮ ಹಳೇ ಡಿಸ್ಕ್, ಬ್ರಾಕೆಟ್ ಹಾಕಿ. 255 ಮತ್ತು 251 ಎರಡೂ 14 ಇಂಚಿನ ಚಕ್ರದೊಳಗೆ ಕೂರುತ್ತವೆ.

ಬ್ರೇಕ್ ಹೋಸ್ ಬಿಚ್ಚುವಾಗ ಫ್ಲೇರ್ ನಟ್ ಸ್ಪಾನರ್ ಬಳಸಿ. ನಾನು ಸಾದಾ ಸ್ಪಾನರ್ ಹಾಕಿದೆ, ನಟ್ ಜೊತೆ ಪೈಪೂ ತಿರುಚಿಕೊಂಡು ಕಟ್ ಆಯಿತು. ಹತ್ತು ನಿಮಿಷದ ಕೆಲಸಕ್ಕೆ ಒಂದು ಭಾನುವಾರ ಹೋಯಿತು.

ಯಾವ ಆಯಿಲ್, ಎಷ್ಟು?

7 ಇಂಚಿನ ಡಿಫ್‌ಗೆ 1 ಲೀಟರ್, 6 ಇಂಚಿನದಕ್ಕೆ 0.65 ಲೀಟರ್. 75ಡಬ್ಲ್ಯು-90, ಜಿಎಲ್-5 ದರ್ಜೆಯದು. ಗೇರ್‌ಬಾಕ್ಸ್‌ಗೆ ಬೇಕಿರುವುದು ಜಿಎಲ್-4, ಡಬ್ಬಿ ಅದಲುಬದಲು ಮಾಡಬೇಡಿ. ಹಳೇ ಆಯಿಲ್ ತೆಗೆಯುವ ಮೊದಲು ಮೇಲಿನ ಪ್ಲಗ್ ಬಿಚ್ಚಿಕೊಳ್ಳುತ್ತದಾ ನೋಡಿ. ಕೆಳಗಿನದನ್ನು ಬಿಚ್ಚಿ ಎಲ್ಲ ಖಾಲಿ ಮಾಡಿ, ಆಮೇಲೆ ಮೇಲಿನದು ಬರುವುದಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತವರು ಬಹಳ.

ಬಿಗಿ ಮಾಡುವಾಗ ಏನಾದರೂ ನೆನಪಿಡಬೇಕಾ?

ಎರಡು. ಆರ್ಮ್‌ಗಳ ಬುಷ್ ಬೋಲ್ಟ್‌ಗಳನ್ನು ಚಕ್ರ ಜೋತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗ ಮಾಡಿ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇನ್ನೊಂದು, ಹಬ್‌ನ ದೊಡ್ಡ 29 ಮಿ.ಮೀ. ನಟ್. ಹೊಸದನ್ನೇ ಹಾಕಿ, 217ರಿಂದ 294 ನ್ಯೂಟನ್ ಮೀಟರ್ ಟಾರ್ಕ್ ಕೊಡಿ, ಆಮೇಲೆ ಅದರ ಅಂಚನ್ನು ಶಾಫ್ಟ್‌ನಲ್ಲಿರುವ ಸೀಳಿಗೆ ಬಡಿದು ಕೂರಿಸಿ.

ಎಂಒಟಿ, ವಿಮೆ, ನೋಂದಣಿಗೆ ತೊಂದರೆ ಆಗುತ್ತದಾ?

ಕಾರು ರಸ್ತೆಗೆ ಯೋಗ್ಯವೇ ಅಂತ ನೋಡುವ ವರ್ಷವರ್ಷದ ಎಂಒಟಿ ಪರೀಕ್ಷೆಯಲ್ಲಿ ಸಸ್ಪೆನ್ಷನ್, ಸಬ್‌ಫ್ರೇಮ್ ಹಿಡಿಯುವ ಜಾಗದಿಂದ 30 ಸೆಂ.ಮೀ. ಒಳಗೆ ಬಾಡಿ ತುಕ್ಕು ಹಿಡಿದು ಬಲ ಕಳೆದುಕೊಂಡಿದ್ದರೆ ಫೇಲ್. ಸಬ್‌ಫ್ರೇಮ್ ಕೆಳಗಿಳಿದಾಗ ಆ ಜಾಗ ಕಣ್ಣೆದುರೇ ಇರುತ್ತದೆ, ಅಲ್ಲಿ ಬೆಸುಗೆ, ಬಣ್ಣ ಏನು ಬೇಕೋ ಆಗಲೇ ಮುಗಿಸಿ.

ನೋಂದಣಿಗೆ ಇಲ್ಲಿ ಮೊದಲು ಅಂಕಗಳ ಪದ್ಧತಿ ಇತ್ತು. ಕಾರು ತನ್ನ ಹಳೇ ನಂಬರ್ ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ಬದಲಾವಣೆ ಮಾಡದ ಬಾಡಿಗೆ 5, ಸಸ್ಪೆನ್ಷನ್‌ಗೆ 2, ಆಕ್ಸಲ್‌ಗೆ 2, ಟ್ರಾನ್ಸ್‌ಮಿಷನ್‌ಗೆ 2, ಸ್ಟೀರಿಂಗ್‌ಗೆ 2, ಇಂಜಿನ್‌ಗೆ 1. ಸಸ್ಪೆನ್ಷನ್, ಆಕ್ಸಲ್, ಟ್ರಾನ್ಸ್‌ಮಿಷನ್ ಮೂರರ ಅಂಕ ಹೋಯಿತು ಅಂತಲೇ ಇಟ್ಟುಕೊಂಡರೂ ಬಾಡಿ, ಸ್ಟೀರಿಂಗ್, ಇಂಜಿನ್ ಸೇರಿ 8 ಆಗುತ್ತಿತ್ತು. ಬಾಡಿಯನ್ನು ಕತ್ತರಿಸಿ ಮಾರ್ಪಡಿಸಿದರೆ ಮಾತ್ರ ಆ 5 ಹೋಗಿ ಕಥೆ ಮುಗಿಯುತ್ತಿತ್ತು. ವಿಮೆಯವರಿಗೆ ಹೇಳಿಬಿಡಿ. ಹೇಳದೆ ಇದ್ದು ಅಪಘಾತ ಆದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ನೆಪ ಕೊಟ್ಟಂತೆ.

ಬೆಂಗಳೂರಿನಲ್ಲಿ ಇದನ್ನು ಮಾಡಿಸಬಹುದಾ?

ಅಣ್ಣನ ಮಗ ಕೇಳಿದ ಪ್ರಶ್ನೆ. ಎಂಎಕ್ಸ್-5 ಭಾರತದಲ್ಲಿ ಮಾರಾಟಕ್ಕೇ ಬರಲಿಲ್ಲ. ನಮ್ಮೂರ ಕಡೆ ಮಜ್ದಾ ಅಂದರೆ ಇವತ್ತಿಗೂ ಸ್ವರಾಜ್ ಮಜ್ದಾ ಲಾರಿ, ವ್ಯಾನು ಅಷ್ಟೇ. ಬೇರೆ ಕಾರಿಗೆ ಇಂಥ ಕೆಲಸ ಮಾಡಿಸುವ ಯೋಚನೆ ಇದ್ದರೆ ವಾಹನ ಮಾರ್ಪಡಿಸುವುದರ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಪ್ಪ ಅಂದೆ. ಆಮೇಲೆ ಫೋನ್ ಮಾಡಲಿಲ್ಲ.

ಎಲ್ಲ ಹಾಕಿಯಾಯಿತು, ಈಗ ಹಿಂದಿನಿಂದ ಸದ್ದು. ಯಾಕೆ?

ಯಾವ ಥರದ ಸದ್ದು ಅನ್ನುವುದರ ಮೇಲೆ ಇದೆ. ಗಾಡಿ ಎತ್ತುವಾಗ, ಬಿಡುವಾಗ ಟಕ್ ಅಂದರೆ ಪಿಪಿಎಫ್ ಬೋಲ್ಟ್ ಅಥವಾ ಡಿಫ್‌ನ ಬುಷ್ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಕುಂಯ್, ಬಿಟ್ಟಾಗ ನಿಶ್ಶಬ್ದ, ಹೀಗಾದರೆ ಕ್ರೌನ್ ವೀಲ್, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್ ಸವೆದಿವೆ. ಅದು ತಂದ ಡಿಫ್‌ನದೇ ರೋಗ, ಬಿಗಿ ಮಾಡಿದರೆ ಹೋಗುವುದಿಲ್ಲ. ಒಂದೇ ಕಡೆಗೆ ತಿರುಗುವಾಗ ಗುರ್ ಅಂದರೆ ಚಕ್ರದ ಬೇರಿಂಗ್. ವೇಗಕ್ಕೆ ತಕ್ಕಂತೆ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು ಬಣ್ಣದಲ್ಲಿ ಗುರುತು ಹಾಕಿದ್ದಿರಾ, ಅದೇ ಗುರುತಿಗೆ ಸೇರಿಸಿದಿರಾ ಅಂತ ನೆನಪು ಮಾಡಿಕೊಳ್ಳಿ.

ಅಲೈನ್‌ಮೆಂಟ್‌ಗೆ ಹೋಗುವ ಮೊದಲು ನಾಲ್ಕಾರು ಮೈಲಿ ಮೆಲ್ಲಗೆ ಓಡಿಸಿ ಸಸ್ಪೆನ್ಷನ್ ಕೂರಲು ಬಿಡಿ. ನಾಲ್ಕೂ ಚಕ್ರಕ್ಕೆ ಮಾಡಿಸಬೇಕು, ಮುಂದಿನ ಎರಡಕ್ಕೆ ಮಾತ್ರ ಮಾಡುವ ಅಂಗಡಿಗೆ ಹೋಗಬೇಡಿ. ಹಿಂದೆ ಒಂದೂವರೆ ಡಿಗ್ರಿಯಷ್ಟು ನೆಗೆಟಿವ್ ಕ್ಯಾಂಬರ್, ಸ್ವಲ್ಪವೇ ಟೋ-ಇನ್ ಹೇಳಿ.

ಎಷ್ಟು ದಿನ ಬೇಕಾಗುತ್ತದೆ?

ಎರಡು ವಾರಾಂತ್ಯ ಸಾಕು ಅಂತ ನಾನು ಹೆಂಡತಿಗೆ ಹೇಳಿದ್ದೆ. ಐದು ವಾರಾಂತ್ಯ ಆಯಿತು. ಹೊಸ ಸಬ್‌ಫ್ರೇಮ್ ಎತ್ತಿ ಬಾಡಿಗೆ ಸೇರಿಸಿದ್ದು ಒಂದು ಮಧ್ಯಾಹ್ನದಲ್ಲಿ, ಚಹಾ ಕುಡಿದ ಸಮಯವೂ ಸೇರಿ. ಉಳಿದ ದಿನವೆಲ್ಲ ಆ ಮೂರು ಬೋಲ್ಟ್, ಕಟ್ ಆದ ಬ್ರೇಕ್ ಪೈಪ್, ಸರಿಯಾದ ಡಿಫ್ ಹುಡುಕಾಟಕ್ಕೆ ಹೋಯಿತು.